ಬಿದ್ದ ಮನೆಯ ಫೋಟೊ

ಗಾಜಿನ ಬಟ್ಟಲಲ್ಲಿ ನೀರು. ಅದಕ್ಕೆ ಸೋಡಿಯಂ ಕಾರ್ಬೊನೇಟ್ ಪುಡಿ ಹಾಕಿ ಕಲಸಿದ್ದಾರೆ. ನೋಡೋಕೆ ಸಾದಾ ನೀರೇ. ಒಬ್ಬ ಮನುಷ್ಯ ಬಲಗೈ ಬೆರಳುಗಳನ್ನು ಅದರಲ್ಲಿ ಅದ್ದುತ್ತಾನೆ. ನೀರು ಗುಲಾಬಿ ಆಗುತ್ತದೆ. ಜಾತ್ರೆಯಲ್ಲಿ ಮಾರುವ ಶರಬತ್ತಿನ ಬಣ್ಣ.

2008ರಲ್ಲಿ ಇದನ್ನು ನಾನು ಎರಡು ಅಡಿ ದೂರದಲ್ಲಿ ನಿಂತು ನೋಡಿದೆ. ಆಗ ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಒಂದು ಇಲಾಖೆಯ ಗುಮಾಸ್ತ. ಲೋಕಾಯುಕ್ತ ಪೊಲೀಸರು ಲಂಚದ ದಾಳಿಗೆ ಹೋಗುವಾಗ ಬೇರೆ ಇಲಾಖೆಯ ಇಬ್ಬರು ನೌಕರರನ್ನು ಪಂಚರು ಅಂತ ಕರೆದುಕೊಂಡು ಹೋಗುತ್ತಾರೆ. ಆ ದಿನ ಬೆಳಿಗ್ಗೆ ನಮ್ಮ ಸಾಹೇಬರು ನನ್ನ ಹೆಸರು ಬರೆದುಕೊಟ್ಟರು. ಯಾವುದಕ್ಕೆ ಅಂತ ನನಗೆ ಗೊತ್ತಿರಲಿಲ್ಲ.

ಲೋಕಾಯುಕ್ತ ಪೊಲೀಸರ ಹತ್ತಿರ ಒಬ್ಬ ರೈತ ಕೂತಿದ್ದ. ಅಪ್ಪ ತೀರಿಕೊಂಡಿದ್ದ, ಹೊಲ ತನ್ನ ಹೆಸರಿಗೆ ಆಗಬೇಕಿತ್ತು. ನಮ್ಮ ಕಡೆ ಅದನ್ನ ವಾರಸಾ ಅನ್ನುತ್ತೇವೆ. ಅದಕ್ಕೆ ಆಫೀಸಿನಲ್ಲಿ ಮೂರು ಸಾವಿರ ಕೇಳಿದ್ದರು. ಅವನು ಐನೂರರ ಆರು ನೋಟು ತಂದಿದ್ದ. ಜೋಳದ ಚೀಲದಲ್ಲಿ ಇಟ್ಟಿದ್ದ ನೋಟುಗಳು ಅಂತ ಕಾಣುತ್ತೆ, ಮಡಿಕೆಯಲ್ಲಿ ಹುಡಿ ಅಂಟಿತ್ತು. ಇನ್‌ಸ್ಪೆಕ್ಟರ್ ಒಂದೊಂದೇ ನೋಟಿನ ನಂಬರ್ ಓದಿದರು, ನಾನು ಬರೆದುಕೊಂಡೆ. ಆಮೇಲೆ ಹತ್ತಿಯಲ್ಲಿ ಫಿನಾಲ್ಫ್ತಲೀನ್ ಪುಡಿ ಅದ್ದಿ ನೋಟುಗಳ ಮೇಲೆ ಸವರಿದರು. ಅದೂ ಬಿಳಿ. ಅದು ಅಂಟಿದ ಬೆರಳನ್ನು ಆ ಬಟ್ಟಲಿನ ನೀರಲ್ಲಿ ಅದ್ದಿದರೆ ನೀರು ಗುಲಾಬಿ ಆಗುತ್ತದೆ. ಜೋಳದ ಹುಡಿ ಯಾವುದು, ಈ ಪುಡಿ ಯಾವುದು, ಗೊತ್ತಾಗುತ್ತಿರಲಿಲ್ಲ. ಆ ರೈತನಿಗೆ ಒಂದೇ ಮಾತು ಹೇಳಿದರು. ಅವರಾಗಿ ಕೇಳಿದರೆ ಮಾತ್ರ ಕೊಡಬೇಕು, ತಾನಾಗಿ ಕೊಡಬಾರದು.

ನಾನು ಅವನ ಜೊತೆ ಒಳಗೆ ಹೋಗಿ ನಿಲ್ಲಬೇಕಿತ್ತು, ಅವನ ಸಂಬಂಧಿಕನ ಹಾಗೆ. ಹೋದೆವು. ಟೇಬಲ್ ಹಿಂದೆ ನನ್ನದೇ ವಯಸ್ಸಿನ ಗುಮಾಸ್ತ. "ತಂದಿ ಏನು?" ಅಂದ. ರೈತ ಕೊಟ್ಟ. ಆತ ಎಣಿಸಿದ, ಡ್ರಾಯರ್ ಎಳೆದು ಫೈಲ್ ಕೆಳಗೆ ಇಟ್ಟ. ರೈತ ಹೊರಗೆ ಬಂದು ಟವೆಲ್‌ನಿಂದ ಮುಖ ಒರೆಸಿಕೊಂಡ. ಅದೇ ಸನ್ನೆ. ಪೊಲೀಸರು ಒಳಗೆ ಬಂದರು.

ಗುಮಾಸ್ತನ ಎರಡೂ ಕೈಗಳನ್ನು ಬೇರೆ ಬೇರೆ ಬಟ್ಟಲಲ್ಲಿ ತೊಳೆಸಿದರು. ನೀರನ್ನು ಬಾಟಲಿಗೆ ತುಂಬಿ ಅರಗಿನಿಂದ ಸೀಲ್ ಮಾಡಿದರು, ನಾನು ಸಹಿ ಹಾಕಿದೆ. ಸಹಿ ಹಾಕುವಾಗ ಆತ ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಇದ್ರಾಗ ನನ್ನದು ಐನೂರು ಅಷ್ಟೇ ಸರ. ಈ ಕುರ್ಚಿಗೆ ನಾನೂ ಕೊಟ್ಟೇ ಬಂದೇನಿ."

ಮೂರು ಸಾವಿರದಲ್ಲಿ ಐನೂರು. ಉಳಿದ ಎರಡೂವರೆ ಸಾವಿರ ಯಾರದು? ಅವರ ಕೈ ಯಾರೂ ತೊಳೆಸಲಿಲ್ಲ.

ನಾನು ಅವನ ಪರ ಮಾತಾಡುತ್ತಿಲ್ಲ. ಅಪ್ಪ ಸತ್ತ ಮಗನ ಹತ್ತಿರ ಕೈ ಚಾಚಿದ್ದು ತಪ್ಪೇ. ಆದರೆ ಕುರ್ಚಿಗೆ ಕೊಟ್ಟು ಬಂದೇನಿ ಅನ್ನೋ ಮಾತು ಸುಳ್ಳಲ್ಲ. ಸರ್ಕಾರಿ ನೌಕರಿಯಲ್ಲಿ ಇದ್ದವರಿಗೆಲ್ಲ ಇದು ಗೊತ್ತು. ವರ್ಗಾವಣೆಯ ಸೀಸನ್ ಬಂದರೆ ಸಾಕು, ಶಾಸಕರ ಲೆಟರ್ ತಂದವರ ಹೆಸರು ಮುಂದೆ ಹೋಗುತ್ತದೆ. ಲೆಟರ್ ಸುಮ್ನೆ ಸಿಗುತ್ತದೆಯೇ? ಎಲ್ಲ ಕಡೆ ದುಡ್ಡು ಅಂತ ನಾನು ಹೇಳಲ್ಲ, ಒಳ್ಳೆಯವರನ್ನೂ ನೋಡಿದ್ದೇನೆ. ಆದರೆ ಕೊಟ್ಟು ಬಂದವನು ದುಡಿಯೋದು ಎಲ್ಲಿಂದ? ಕೌಂಟರಿನ ಈಚೆ ನಿಂತ ಮನುಷ್ಯನಿಂದಲೇ. ಇನ್ನು ಲೆಟರ್ ಕೊಡುವವರು ಚುನಾವಣೆಯಲ್ಲಿ ಖರ್ಚು ಮಾಡಿ ಗೆದ್ದವರು. ವಿಧಾನಸಭೆ ಚುನಾವಣೆಗೆ ಒಬ್ಬ ಅಭ್ಯರ್ಥಿ 40 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡಬಾರದು ಅಂತ ನಿಯಮ ಇದೆ. ಮತದಾನದ ಹಿಂದಿನ ರಾತ್ರಿ ಓಣಿಯಲ್ಲಿ ಓಡಾಡಿದವರಿಗೆ ಆ ನಿಯಮ ಎಷ್ಟು ನಡೆಯುತ್ತೆ ಅಂತ ಗೊತ್ತು. ಆ ರಾತ್ರಿ ನಮ್ಮ ಮನೆ ಬಾಗಿಲಿಗೆ ಬಂದ ನೋಟು, ಆ ರೈತ ಜೋಳದ ಚೀಲದಿಂದ ತೆಗೆದ ನೋಟು, ಎರಡೂ ಒಂದೇ ದಾರದಲ್ಲಿ ಪೋಣಿಸಿದ್ದು.

ಕೇಸು ಏನಾಯಿತು? ಐದು ವರ್ಷದ ಮೇಲೆ ಕೋರ್ಟಿನಿಂದ ಸಮನ್ಸ್ ಬಂತು. ಹೋದೆ, ನೋಡಿದ್ದನ್ನು ಹೇಳಿದೆ. ಆದರೆ ಆ ರೈತ ಉಲ್ಟಾ ಹೊಡೆದ. ಸಾಲ ತೀರಿಸಿದ ದುಡ್ಡು ಅಂತ ಹೇಳಿದ. ಹೊರಗೆ ಬೇವಿನ ಮರದ ಕೆಳಗೆ ಅವನನ್ನು ಕೇಳಿದೆ, ಯಾಕಪ್ಪಾ ಹೀಗೆ ಮಾಡಿದೆ ಅಂತ. "ನಮ್ಮ ಕೆಲಸ ಇನ್ನೂ ಅದ ಆಫೀಸ್‌ನ್ಯಾಗ ಅದಾವ್ರೀ" ಅಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ಒಬ್ಬನೇ ಇದ್ದ. ಆಫೀಸು ಇಡೀ ಒಂದಾಗಿತ್ತು.

ಈಗ ಕಾನೂನು ಸ್ವಲ್ಪ ಬದಲಾಗಿದೆ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ದೂರು ಕೊಟ್ಟವನು ತಿರುಗಿ ಬಿದ್ದರೂ ಬೇರೆ ಸಾಕ್ಷಿಗಳಿಂದ ಲಂಚ ಕೇಳಿದ್ದು ಸಾಬೀತಾದರೆ ಶಿಕ್ಷೆ ಕೊಡಬಹುದು ಅಂತ ಹೇಳಿತು. 2018ರ ತಿದ್ದುಪಡಿಯಿಂದ ಲಂಚ ಕೊಟ್ಟವನೂ ಅಪರಾಧಿ. ಬಲವಂತದಿಂದ ಕೊಟ್ಟಿದ್ದರೆ ಏಳು ದಿನದ ಒಳಗೆ ಪೊಲೀಸರಿಗೆ ಅಥವಾ ಲೋಕಾಯುಕ್ತಕ್ಕೆ ತಿಳಿಸಬೇಕು. ಈ ಏಳು ದಿನದ ಮಾತು ಎಷ್ಟು ಜನಕ್ಕೆ ಗೊತ್ತಿದೆ? ಎಲ್ಲ ಸರ್ಕಾರಿ ಕಚೇರಿಯ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಬೇಕಾದ ವಿಷಯ ಅದು.

ನನ್ನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 34 ವರ್ಷದ ನೌಕರಿಯಲ್ಲಿ ನಾನು ಕೈ ಚಾಚಲಿಲ್ಲ. ಆದರೆ ಬಿಲ್ ಸೆಕ್ಷನ್‌ನಲ್ಲಿ ಕೂತಿದ್ದಾಗ ಎಷ್ಟೋ ಬಿಲ್ಲುಗಳಿಗೆ ನಂಬರ್ ಹಾಕಿ ಮುಂದಕ್ಕೆ ಕಳಿಸಿದ್ದೇನೆ. ಆ ರಸ್ತೆಯಲ್ಲಿ ನಾನೇ ಬೈಕ್ ಓಡಿಸಿಕೊಂಡು ಬರುತ್ತಿದ್ದೆ. ಡಾಂಬರು ಎಷ್ಟು ದಪ್ಪ ಇದೆ ಅಂತ ನನ್ನ ಕಣ್ಣಿಗೆ ಕಾಣುತ್ತಿತ್ತು. ಅಳತೆ ಪುಸ್ತಕದಲ್ಲಿ ಬರೆದಿದ್ದು ಬೇರೆ. ನನ್ನ ಕೆಲಸ ನಂಬರ್ ಹಾಕೋದು ಮಾತ್ರ ಅಂದುಕೊಂಡೆ. ಇದು ನನಗೆ ಇವತ್ತಿಗೂ ನೋವು ಕೊಡುತ್ತದೆ.

2022ರ ಏಪ್ರಿಲ್‌ನಲ್ಲಿ ಬೆಳಗಾವಿಯ ಒಬ್ಬ ಗುತ್ತಿಗೆದಾರ ಉಡುಪಿಯ ಲಾಡ್ಜಿನಲ್ಲಿ ಸತ್ತ ಸುದ್ದಿ ಬಂದಾಗ ಎರಡು ದಿನ ಊಟ ಸೇರಲಿಲ್ಲ. ಹಿಂಡಲಗಾದಲ್ಲಿ ರಸ್ತೆ ಕೆಲಸ ಮಾಡಿದ್ದ, ಬಿಲ್ ಆಗಿರಲಿಲ್ಲ. 40 ಪರ್ಸೆಂಟ್ ಕಮಿಷನ್ ಕೇಳುತ್ತಿದ್ದಾರೆ ಅಂತ ಆರೋಪ ಮಾಡಿದ್ದ. ಸಚಿವರೊಬ್ಬರು ರಾಜೀನಾಮೆ ಕೊಟ್ಟರು. ಆಮೇಲೆ ಪೊಲೀಸರು ಸಚಿವರ ವಿರುದ್ಧ ಸಾಕ್ಷಿ ಇಲ್ಲ ಅಂತ ವರದಿ ಕೊಟ್ಟರು. ಯಾರು ತಪ್ಪು, ಯಾರು ಸರಿ ಅಂತ ನಾನು ಇಲ್ಲಿ ಹೇಳಲಾರೆ. ಬಿಲ್ ಗುಮಾಸ್ತನ ಕಣ್ಣಿಗೆ ಬಿದ್ದಿದ್ದು ಒಂದೇ ಸಂಗತಿ. ಆ ಕೆಲಸಗಳಿಗೆ ವರ್ಕ್ ಆರ್ಡರ್ ಇರಲಿಲ್ಲ. ಕೋಟಿಗಟ್ಟಲೆ ಕೆಲಸ, ಒಂದು ಹಾಳೆ ಕಾಗದ ಇಲ್ಲ, ಬರೀ ಬಾಯಿಮಾತು. ಕಾಗದ ಇಲ್ಲದ ಕಡೆ ಬಡವನಿಗಾಗಲಿ ಗುತ್ತಿಗೆದಾರನಿಗಾಗಲಿ ಹಿಡಿದುಕೊಳ್ಳೋಕೆ ಏನೂ ಇರೋದಿಲ್ಲ.

2018ರಲ್ಲಿ ನಿವೃತ್ತಿ ಆಯಿತು. ಮರುವರ್ಷ ಆಗಸ್ಟ್‌ನಲ್ಲಿ ಹೊಳೆ ಬಂತು.

ನಮ್ಮೂರು ಮಲಪ್ರಭೆಯ ದಂಡೆಯಲ್ಲಿದೆ. ಹೆಸರು ಬರೆಯಲ್ಲ, ಅಲ್ಲಿ ಇನ್ನೂ ಎಲ್ಲರೂ ಒಟ್ಟಿಗೇ ಬದುಕಬೇಕು. ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಿದ್ದರು. ಮೇಲಿಂದ ಮಳೆ. ಪಟ್ಟದಕಲ್ಲಿನ ಗುಡಿಗಳ ಒಳಗೂ ನೀರು ನುಗ್ಗಿದ ವರ್ಷ ಅದು. ನಮ್ಮದು ಮಣ್ಣಿನ ಮಾಳಿಗೆ ಮನೆ, ಅಜ್ಜ ಕಟ್ಟಿಸಿದ್ದು. ಎರಡು ದಿನ ನೀರಲ್ಲಿ ನಿಂತ ಗೋಡೆ ಮೂರನೇ ದಿನ ಕೂತುಬಿಟ್ಟಿತು, ಮಾಳಿಗೆ ಒಂದು ಮಗ್ಗುಲಿಗೆ ಜಾರಿತು. ಅವ್ವ ಮತ್ತು ತಮ್ಮನ ಮನೆಯವರು ಮೊದಲೇ ಊರ ಮೇಲಿನ ದಿಬ್ಬಕ್ಕೆ ಹೋಗಿದ್ದರಿಂದ ಜೀವ ಉಳಿಯಿತು.

ಸರ್ಕಾರ ಪರಿಹಾರ ಹೇಳಿತು. ಪೂರ್ತಿ ಬಿದ್ದ ಮನೆಗೆ ಎ, ಐದು ಲಕ್ಷ. ಸ್ವಲ್ಪ ಹಾನಿ ಆಗಿದ್ದರೆ ಸಿ, ಐವತ್ತು ಸಾವಿರ. ನಡುವೆ ಬಿ. ಸರ್ವೆಗೆ ಬಂದವರು ಒಂದು ಅಕ್ಷರ ಬರೆಯಬೇಕು, ಅಷ್ಟೇ. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಾಲ್ಕೂವರೆ ಲಕ್ಷದ ಅಂತರ. ಇಷ್ಟು ದುಡ್ಡನ್ನು ಒಂದು ಅಕ್ಷರದಲ್ಲಿ ಇಟ್ಟು, ಅದನ್ನು ಯಾರೂ ನೋಡದ ಹಾಳೆಯಲ್ಲಿ ಬರೆಯಲು ಬಿಟ್ಟರೆ ಏನಾಗುತ್ತದೆ ಅಂತ ಯಾರು ಬೇಕಾದರೂ ಹೇಳಬಹುದು.

ನಮ್ಮ ಮನೆಗೆ ಸಿ ಬಂತು.

ವಾರದೊಳಗೆ ಒಬ್ಬ ಬಂದ. ಅವನು ನೌಕರನಲ್ಲ, ಆಫೀಸಿನ ಸುತ್ತ ಓಡಾಡುವವನು. "ಐವತ್ತು ಕೊಟ್ರ ಎ ಆಗ್ತದ" ಅಂದ. ತಮ್ಮ ಕೂಡಲೇ ಲೆಕ್ಕ ಹಾಕಿದ. ಐವತ್ತು ಸಾವಿರ ಹೋದರೂ ನಾಲ್ಕೂವರೆ ಲಕ್ಷ ಉಳಿಯುತ್ತೆ, ಯಾರು ಬಿಡ್ತಾರೆ? ನಾನು ಬೇಡ ಅಂದೆ. ಆಗ ಅವ್ವ ಎದ್ದು ಬಂದಳು. ಕೊರಳಿಂದ ಬೋರಮಾಳ ಸರ ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟಳು. "ಇದನ್ನ ಒತ್ತಿ ಇಟ್ಟು ರೊಕ್ಕ ತಗೊಂಡ್ ಬಾ. ಮಳಿಗಾಲ ಇನ್ನೂ ಮುಗದಿಲ್ಲ."

ಸರ ಇನ್ನೂ ಬೆಚ್ಚಗಿತ್ತು. ಅಪ್ಪ ಎರಡು ವರ್ಷ ಹತ್ತಿ ಬೆಳೆದು ಮಾಡಿಸಿಕೊಟ್ಟ ಸರ. ನನಗೆ ಆ ಗುಲಾಬಿ ನೀರು ಕಣ್ಣ ಮುಂದೆ ಬಂತು. ದೂರು ಕೊಟ್ಟರೆ ಒಬ್ಬನನ್ನು ಹಿಡಿಯುತ್ತಾರೆ. ಅವನೂ ಐನೂರರ ಗಿರಾಕಿಯೇ. ಪಟ್ಟಿ ಹಾಗೇ ಇರುತ್ತದೆ. ನನಗೆ ಆ ಪಟ್ಟಿ ಬೇಕು ಅನ್ನಿಸಿತು. ಪೂರ್ತಿ ಪಟ್ಟಿ.

ಸರವನ್ನು ಅವ್ವನ ಕೊರಳಿಗೆ ಹಾಕಿ ಅಂಚೆ ಕಚೇರಿಗೆ ಹೋದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದೆ. ನಮ್ಮ ರಾಜ್ಯದ ನಿಯಮದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ನಾನು ಆರು ಸಾಲಲ್ಲಿ ಬರೆದೆ. ನಮ್ಮ ಊರಿನಲ್ಲಿ ಹಾನಿಯಾದ ಮನೆಗಳ ಪಟ್ಟಿ, ಮಾಲೀಕರ ಹೆಸರು, ಮನೆ ನಂಬರ್, ಎಷ್ಟು ಹಾನಿ, ಯಾವ ಅಕ್ಷರ, ಸರ್ವೆ ಮಾಡಿದ ತಾರೀಖು, ಮತ್ತು ಪ್ರತಿ ಮನೆಯ ಫೋಟೊ.

30 ದಿನದಲ್ಲಿ ಕೊಡಬೇಕಿತ್ತು, ಕೊಡಲಿಲ್ಲ. ಮೊದಲ ಮೇಲ್ಮನವಿ ಹಾಕಿದೆ. ಆ ಕಚೇರಿಯಲ್ಲಿ ನನಗಿಂತ ಚಿಕ್ಕ ನೌಕರನೊಬ್ಬ ಕುರ್ಚಿ ಕೊಟ್ಟು ಕೂರಿಸಿ, "ಸರ, ನಿಮ್ಮ ಮನೀದು ಒಂದು ಸರಿ ಮಾಡಿಕೊಡ್ತೇವಿ, ಈ ಪಟ್ಟಿ ಯಾಕ ಬೇಕು?" ಅಂದ. ಮರ್ಯಾದೆಯಿಂದಲೇ ಕೇಳಿದ. ಈ ಮಾತನ್ನು ನೀವೆಲ್ಲ ನೆನಪಿಟ್ಟುಕೊಳ್ಳಬೇಕು. ನಿಮ್ಮದೊಂದನ್ನು ಸರಿ ಮಾಡ್ತೇವೆ ಅನ್ನೋದು ಲಂಚಕ್ಕಿಂತ ದೊಡ್ಡ ಆಮಿಷ. ನಿಜ ಹೇಳಬೇಕಂದರೆ ಒಂದು ನಿಮಿಷ ನನಗೂ ಹೌದು ಅನ್ನೋಣ ಅನ್ನಿಸಿತು. ಅವ್ವ ತಗಡಿನ ಶೆಡ್ಡಿನಲ್ಲಿದ್ದಳು.

ಜನವರಿಯಲ್ಲಿ ಪಟ್ಟಿ ಬಂತು. 41 ಪುಟ. ಪುಟಕ್ಕೆ ಎರಡು ರೂಪಾಯಿ ಕೇಳಿದರು. ಅವಧಿ ಮೀರಿದರೆ ಪುಕ್ಕಟೆ ಕೊಡಬೇಕು ಅಂತ ಕಾನೂನಿನ 7ನೇ ಸೆಕ್ಷನ್‌ನಲ್ಲೇ ಇದೆ ಅಂದೆ. ಕೊಟ್ಟರು.

ಪುಟ ತಿರುವುತ್ತಾ 19ನೇ ಪುಟಕ್ಕೆ ಬಂದಾಗ ಕೈ ನಿಂತಿತು. ಅಲ್ಲಿ ನಮ್ಮ ಮನೆಯ ಫೋಟೊ. ಜಾರಿದ ಮಾಳಿಗೆ, ಮಣ್ಣಿನ ಗುಡ್ಡೆ, ಅದರ ಅಂಚಲ್ಲಿ ಅವ್ವನ ಬೀಸುವ ಕಲ್ಲು. ಆ ಕಲ್ಲಿನ ಮೇಲಿನ ಪಾಲು ಸೀಳಿದೆ, ನಾನು ಚಿಕ್ಕವನಿದ್ದಾಗ ಬೀಳಿಸಿದ್ದೆ. ಕೆಳಗೆ ಹೆಸರು ಬೇರೆಯವರದು. ಅಕ್ಷರ ಎ. ನಮ್ಮ ಹೆಸರಿನ ಮುಂದೆ ಯಾರದೋ ಬಿರುಕು ಬಿಟ್ಟ ಗೋಡೆಯ ಫೋಟೊ, ಅಕ್ಷರ ಸಿ.

ಒಬ್ಬನೇ ಹೋಗಿ ಜಗಳ ಆಡಬಹುದಿತ್ತು. ಬೇವಿನ ಮರದ ಕೆಳಗೆ ನಿಂತಿದ್ದ ಆ ರೈತ ನೆನಪಾದ. ಶನಿವಾರ ಸಂಜೆ ಹನುಮಪ್ಪನ ಗುಡಿ ಕಟ್ಟೆಗೆ ಎಲ್ಲರೂ ಬನ್ನಿ ಅಂತ ಓಣಿ ಓಣಿ ಹೇಳಿಬಂದೆ. ಪೂಜೆಗೆ ಹೇಗೂ ಜನ ಬರುತ್ತಾರೆ. ಓದಲು ನಮ್ಮ ಓಣಿಯ ಡಿಗ್ರಿ ಓದುವ ಹುಡುಗಿಯನ್ನು ಕರೆದೆ. ಅವಳ ದನಿ ಗಟ್ಟಿ, ಮತ್ತು ಅವಳು ಯಾರ ಸಾಲಗಾರಳೂ ಅಲ್ಲ.

ಅವಳು ಹೆಸರು ಓದುತ್ತಾಳೆ, ಆಮೇಲೆ ಅಕ್ಷರ, ಆಮೇಲೆ ಫೋಟೊ ಎತ್ತಿ ತೋರಿಸುತ್ತಾಳೆ. ಮೊದಲ ಇಪ್ಪತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಒಂದು ಹೆಸರು ಬಂತು. ಊರ ಮೇಲಿನ ದಿಬ್ಬದಲ್ಲಿ ಕಲ್ಲಿನ ಮನೆ ಇರುವವರು, ಅಕ್ಷರ ಎ. ಅವರೂ ಅಲ್ಲೇ ಕೂತಿದ್ದರು. ಎಲ್ಲರೂ ನೆಲ ನೋಡಿದರು. ಆಗ ಹಿಂದಿನಿಂದ ಒಬ್ಬ ಮುದುಕಿ, ಸಿಟ್ಟಿಲ್ಲದೆ, ನಿಜವಾಗಿಯೂ ಗೊತ್ತಾಗದೆ ಕೇಳಿದಳು: "ಯಪ್ಪಾ, ನಿನ್ನ ಮನಿ ಬಿತ್ತೇನು? ಹೊಳಿ ಬಂದಾಗ ಎಂಟು ದಿನ ನಾವೆಲ್ಲಾ ಅಲ್ಲೇ ಇದ್ವಲ್ಲೋ?"

ಹೌದು. ನಮ್ಮ ಅವ್ವ ಕೂಡ ಆ ಎಂಟು ದಿನ ಅದೇ ಮನೆಯಲ್ಲಿ ಇದ್ದಳು. ಅವರೇ ರೊಟ್ಟಿ ಬಡಿದು ಹಾಕಿದ್ದರು. ಒಳ್ಳೆಯ ಮಂದಿ. ಆ ಮನುಷ್ಯ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ನನ್ನ ಕಡೆ ಅವರ ಬಂದು ಕೇಳಿದ್ರು. ಎಲ್ಲಾರೂ ಕೊಡಾಕತ್ತಾರ ಅಂದ್ರು. ನಾನೂ ಕೊಟ್ಟೆ."

ಎಲ್ಲರೂ ಕೊಡಾಕತ್ತಾರ. ಅದೇ ಮಾತನ್ನು ನಮ್ಮ ಮನೆಯಲ್ಲೂ ಹೇಳಿದ್ದರು. ಇನ್ನೂ ಮೂವತ್ತು ಮನೆಯಲ್ಲಿ ಹೇಳಿದ್ದರು ಅಂತ ಆ ಸಂಜೆ ಗೊತ್ತಾಯಿತು. ಕೊಡದೆ ಇದ್ದವರು ಬಹಳ ಜನ ಇದ್ದರು. ಪ್ರತಿಯೊಬ್ಬರೂ ತಾನೊಬ್ಬನೇ ಕೊಟ್ಟಿಲ್ಲ ಅಂದುಕೊಂಡು ಮನೆಯಲ್ಲಿ ಹೆದರಿ ಕೂತಿದ್ದರು. ಪಟ್ಟಿ ಮುಗಿಯುವಾಗ ರಾತ್ರಿ ಹತ್ತೂವರೆ. ಯಾರೂ ಎದ್ದು ಹೋಗಿರಲಿಲ್ಲ.

ನಾವು ಹೊಸದೇನೂ ಮಾಡಿರಲಿಲ್ಲ. ರಾಜಸ್ಥಾನದ ಕೋಟ್ ಕಿರಾನಾ ಅನ್ನೋ ಊರಲ್ಲಿ 1994ರ ಡಿಸೆಂಬರ್‌ನಲ್ಲೇ ಹೀಗೆ ಮಾಡಿದ್ದರು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಅನ್ನೋ ಕೂಲಿಕಾರರ ಸಂಘ, ಅರುಣಾ ರಾಯ್ ಮತ್ತು ಅವರ ಜೊತೆಗಾರರು ಕಟ್ಟಿದ್ದು. ಪಂಚಾಯಿತಿಯ ಕೂಲಿ ಲೆಕ್ಕವನ್ನು ಊರವರ ಮುಂದೆ ಓದಿದರು. ಕೆಲಸವನ್ನೇ ಮಾಡದವರ ಹೆಸರಲ್ಲಿ ಕೂಲಿ ಹೋಗಿತ್ತು. ಆಮೇಲೆ 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ನಮ್ಮ ದುಡ್ಡು, ನಮ್ಮ ಲೆಕ್ಕ ಅಂತ ಕೇಳಿದರು. ಇವತ್ತು ನಾನು ಹತ್ತು ರೂಪಾಯಿಗೆ ಪಟ್ಟಿ ಕೇಳೋಕೆ ಆಗುವುದು ಅವರಿಂದ. ನಮ್ಮ ಕರ್ನಾಟಕದಲ್ಲಿ 2000ದಲ್ಲೇ ಒಂದು ಮಾಹಿತಿ ಹಕ್ಕು ಕಾನೂನು ಆಗಿತ್ತು. ದೇಶಕ್ಕೆಲ್ಲ ಬಂದಿದ್ದು 2005ರ ಅಕ್ಟೋಬರ್ 12ಕ್ಕೆ. ಎಲ್ಲ ಅಕ್ಷರ ಬಲ್ಲವರ ಕೆಲಸ ಅಂದುಕೊಳ್ಳಬೇಡಿ. ಕೂಲಿ ಮಾಡುವ ಹೆಂಗಸರು ಕೂತು ಕೂತು ತಂದ ಕಾನೂನು ಅದು.

ದೂರದ ಉಗಾಂಡದ್ದೂ ಒಂದು ಉದಾಹರಣೆ ಓದಿದ್ದೇನೆ. 1991ರಿಂದ 1995ರವರೆಗೆ ಅಲ್ಲಿನ ಶಾಲೆಗಳಿಗೆ ಸರ್ಕಾರ ಕಳಿಸಿದ ಅನುದಾನದಲ್ಲಿ ನೂರಕ್ಕೆ 13 ರೂಪಾಯಿಯಷ್ಟು ಮಾತ್ರ ಶಾಲೆ ಮುಟ್ಟುತ್ತಿತ್ತು. ಆಮೇಲೆ ಯಾವ ಜಿಲ್ಲೆಗೆ ಎಷ್ಟು ಕಳಿಸಿದೆವು ಅಂತ ಪೇಪರಿನಲ್ಲಿ ಹಾಕಲು ಶುರುಮಾಡಿದರು, ಶಾಲೆಯ ಗೋಡೆಗೂ ಅಂಟಿಸಿದರು. 2001ರ ಹೊತ್ತಿಗೆ ನೂರಕ್ಕೆ 80ರಷ್ಟು ಮುಟ್ಟತೊಡಗಿತು. ಬೇರೆ ಸುಧಾರಣೆಗಳೂ ಆಗಿದ್ದವು, ಗೋಡೆಯ ಕಾಗದ ಒಂದೇ ಎಲ್ಲವನ್ನೂ ಮಾಡಿತು ಅಂತ ಹೇಳಬಾರದು. ಆದರೂ ಮಗುವಿನ ಶಾಲೆಗೆ ಎಷ್ಟು ಬಂತು ಅಂತ ತಂದೆತಾಯಿಗೆ ಗೊತ್ತಿರೋದಕ್ಕೂ ಗೊತ್ತಿಲ್ಲದೆ ಇರೋದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಹಿಡಿಯೋದು ಬೇಡ ಅಂತ ನಾನು ಹೇಳುತ್ತಿಲ್ಲ. ಹಾಂಗ್‌ಕಾಂಗ್ ನೋಡಿ. 1970ರ ಸುಮಾರಿಗೆ ಅಲ್ಲಿ ಆಂಬುಲೆನ್ಸ್‌ನವರಿಗೆ ಚಹಾದ ದುಡ್ಡು ಕೊಡಬೇಕಿತ್ತು, ಬೆಂಕಿ ಆರಿಸಲು ಬಂದವರಿಗೆ ನೀರಿನ ದುಡ್ಡು. ನಮ್ಮ ಚಹಾಪಾನಿಯೇ ಅಲ್ಲಿಯೂ! 1973ರಲ್ಲಿ ಗಾಡ್‌ಬರ್ ಅನ್ನೋ ದೊಡ್ಡ ಪೊಲೀಸ್ ಅಧಿಕಾರಿ ಗಂಟು ಕಟ್ಟಿಕೊಂಡು ಇಂಗ್ಲೆಂಡಿಗೆ ಓಡಿಹೋದ. ಜನ ಬೀದಿಗೆ ಇಳಿದರು. 1974ರಲ್ಲಿ ಪೊಲೀಸರ ಕೈಕೆಳಗೆ ಇಲ್ಲದ ಸ್ವತಂತ್ರ ಆಯೋಗ ಬಂತು. ಅವನನ್ನು ವಾಪಸ್ ತಂದು ಜೈಲಿಗೆ ಹಾಕಿದರು. ಅಲ್ಲಿ ಹಿಡಿದಿದ್ದು ದೊಡ್ಡವನನ್ನು, ಐನೂರರ ಗುಮಾಸ್ತನನ್ನು ಮಾತ್ರ ಅಲ್ಲ. ಆ ಆಯೋಗ ಇನ್ನೂ ಎರಡು ಕೆಲಸ ಮಾಡಿತು. ಲಂಚಕ್ಕೆ ಜಾಗ ಇರುವ ನಿಯಮಗಳನ್ನು ಬದಲಾಯಿಸಿತು, ಓಣಿಗಳಿಗೆ ಹೋಗಿ ಜನರ ಜೊತೆ ಮಾತಾಡಿತು. 1977ರಲ್ಲಿ ಪೊಲೀಸರೇ ಆಯೋಗದ ಮೇಲೆ ದಂಗೆ ಎದ್ದರು, ಸರ್ಕಾರ ಹಳೆಯ ಎಷ್ಟೋ ತಪ್ಪುಗಳನ್ನು ಮನ್ನಿಸಬೇಕಾಯಿತು. ಆದರೂ ಆಯೋಗ ಉಳಿಯಿತು.

ನಮ್ಮ ಲೋಕಾಯುಕ್ತ ಅದಕ್ಕೇನು ಕಡಿಮೆ ಇತ್ತು? 1984ರ ಕಾನೂನು. ವೆಂಕಟಾಚಲ ಅವರು ಲೋಕಾಯುಕ್ತರಾಗಿದ್ದ ಕಾಲದಲ್ಲಿ ಹಳ್ಳಿಯ ಮುದುಕರಿಗೂ ಲೋಕಾಯುಕ್ತ ಅಂದರೆ ಏನು ಅಂತ ಗೊತ್ತಿತ್ತು. 2011ರ ಜುಲೈನಲ್ಲಿ ಸಂತೋಷ್ ಹೆಗ್ಡೆಯವರ ಗಣಿ ವರದಿ ಬಂದು ಮುಖ್ಯಮಂತ್ರಿಯೇ ಕುರ್ಚಿ ಬಿಡಬೇಕಾಯಿತು. ಐದು ವರ್ಷ ಆಗಲಿಲ್ಲ, 2016ರಲ್ಲಿ ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ, ಅಂತ ಬೇರೆ ಮಾಡಿ ಲೋಕಾಯುಕ್ತದ ಕೈಯಿಂದ ಕೇಸುಗಳನ್ನು ಕಿತ್ತುಕೊಂಡರು. ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿದ್ದು 2022ರ ಆಗಸ್ಟ್‌ನಲ್ಲಿ. ಆರು ವರ್ಷ! ಬೇರೆ ಬೇರೆ ಪಕ್ಷಗಳು ಬಂದು ಹೋದವು, ಯಾರೂ ತಾವಾಗಿ ವಾಪಸ್ ಕೊಡಲಿಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಮೇಲಿನವರು ಕಟ್ಟಿದ್ದನ್ನು ಮೇಲಿನವರೇ ಒಂದು ಆದೇಶದಲ್ಲಿ ಕೆಡವಬಹುದು. ಗುಡಿ ಕಟ್ಟೆ ಮೇಲೆ ಒಮ್ಮೆ ಓದಿದ ಪಟ್ಟಿಯನ್ನು ಮಾತ್ರ ಯಾರೂ ವಾಪಸ್ ತಗೊಳ್ಳೋಕೆ ಆಗಲ್ಲ.

ನಮ್ಮೂರಲ್ಲಿ ಆಮೇಲೆ ಏನಾಯಿತು ಹೇಳುತ್ತೇನೆ. ತಕರಾರು ಇದ್ದ ಮನೆ 31. ಎಲ್ಲರೂ ಸಹಿ ಹಾಕಿ, ಫೋಟೊ ಲಗತ್ತಿಸಿ ಮರುಸರ್ವೆಗೆ ಅರ್ಜಿ ಕೊಟ್ಟೆವು. ದಿಬ್ಬದ ಮನೆಯವರೂ ಸಹಿ ಹಾಕಿದರು, ಅವರಿಗೆ ಉಳಿದ ಕಂತು ನಿಂತುಹೋಯಿತು. ಕೊರೊನಾ ಬಂದು ಎಲ್ಲ ತಡವಾಯಿತು. ಕೊನೆಗೆ 17 ಮನೆಗಳ ಅಕ್ಷರ ಬದಲಾಯಿತು, 14 ಆಗಲಿಲ್ಲ. ನಮ್ಮದು ಎ ಆಯಿತು. ಆ ಹದಿನಾಲ್ಕರಲ್ಲಿ ಪ್ರಶ್ನೆ ಕೇಳಿದ ಮುದುಕಿಯ ಮನೆಯೂ ಇದೆ. ಆಕೆ ಈಗಲೂ ಮಗಳ ಮನೆಯಲ್ಲಿದ್ದಾಳೆ. ಮಧ್ಯವರ್ತಿ ಇನ್ನೂ ಅದೇ ಹೋಟೆಲಿನ ಮುಂದೆ ಕೂರುತ್ತಾನೆ. ನನ್ನನ್ನು ಕಂಡರೆ ನಮಸ್ಕಾರ ಮಾಡುತ್ತಾನೆ.

ಅವ್ವ 19 ತಿಂಗಳು ತಗಡಿನ ಕೆಳಗೆ ಇದ್ದಳು. ಎರಡು ಬೇಸಿಗೆ. ಬಾಗಲಕೋಟೆಯ ಏಪ್ರಿಲ್ ಬಿಸಿಲಲ್ಲಿ ತಗಡು ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ತಮ್ಮ ಇವತ್ತಿಗೂ ಹೇಳುತ್ತಾನೆ, ಅವತ್ತೇ ಐವತ್ತು ಕೊಟ್ಟಿದ್ದರೆ ಅವ್ವನ ಕಣ್ಣು ಇಷ್ಟು ಕೆಡುತ್ತಿರಲಿಲ್ಲ ಅಂತ. ನಾನು ಉತ್ತರ ಕೊಡಲ್ಲ. ಅವನ ಮಾತಲ್ಲಿ ಸುಳ್ಳಿಲ್ಲ. ಲಂಚ ಕೊಡಬೇಡಿ ಅಂತ ಸಭೆಯಲ್ಲಿ ಭಾಷಣ ಮಾಡುವವರು ಈ 19 ತಿಂಗಳ ಬಗ್ಗೆಯೂ ಮಾತಾಡಬೇಕು. ಕೊಡದೆ ನಿಂತವರ ಕಷ್ಟವನ್ನು ಆ ಕುಟುಂಬ ಒಂದೇ ಹೊರಬಾರದು. ನಮ್ಮೂರಲ್ಲಿ ಎರಡನೇ ಮಳೆಗಾಲಕ್ಕೆ ಓಣಿಯವರೇ ಸೇರಿ ಶೆಡ್ಡುಗಳಿಗೆ ಮಣ್ಣಿನ ಕಟ್ಟೆ ಹಾಕಿಕೊಟ್ಟರು. ಮೊದಲ ಮಳೆಗಾಲಕ್ಕೇ ಅದನ್ನು ಮಾಡಬೇಕಿತ್ತು.

ಈಗ ನನಗೆ ಇನ್ನೊಂದು ಚಿಂತೆ. 2023ರ ಡೇಟಾ ರಕ್ಷಣೆ ಕಾನೂನು ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿದೆ. ಮೊದಲು ವೈಯಕ್ತಿಕ ಮಾಹಿತಿ ಅಂದರೂ ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇದ್ದರೆ ಕೊಡಬೇಕಿತ್ತು. ಶಾಸನಸಭೆಗೆ ಕೊಡುವ ಮಾಹಿತಿಯನ್ನು ಸಾಮಾನ್ಯ ಮನುಷ್ಯನಿಗೆ ಇಲ್ಲ ಅನ್ನುವ ಹಾಗಿಲ್ಲ ಅಂತಲೂ ಅಲ್ಲೇ ಬರೆದಿತ್ತು. ಆ ಸಾಲುಗಳನ್ನು ತೆಗೆದಿದ್ದಾರೆ. ನಾಳೆ ಯಾರಾದರೂ ಮನೆಗಳ ಪಟ್ಟಿ ಕೇಳಿದರೆ, ಇದು ಫಲಾನುಭವಿಗಳ ವೈಯಕ್ತಿಕ ಮಾಹಿತಿ ಅಂತ ಒಂದೇ ಸಾಲಲ್ಲಿ ತಿರಸ್ಕರಿಸಬಹುದು. 8(2) ಇನ್ನೂ ಇದೆ, ಜನರ ಹಿತ ದೊಡ್ಡದಿದ್ದರೆ ಕೊಡಬಹುದು ಅಂತ. ಅರ್ಜಿಯಲ್ಲೇ 8(2)ರ ಹೆಸರು ಹೇಳಿ ಕೇಳಿ. ಇಲ್ಲ ಅಂದರೆ ಮೊದಲ ಮೇಲ್ಮನವಿ ಹಾಕಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹೋಗಿ. ಆಯೋಗದ ಪೀಠ ಬೆಳಗಾವಿಯಲ್ಲೂ ಇದೆ, ಬೆಂಗಳೂರಿಗೆ ಹೋಗುವ ಖರ್ಚಿಲ್ಲ.

ಪಂಚಾಯಿತಿಯ ಲೆಕ್ಕಕ್ಕೆ ಅರ್ಜಿಯೂ ಬೇಕಾಗಿಲ್ಲ. ವರ್ಷಕ್ಕೊಮ್ಮೆ ಜಮಾಬಂದಿ ಆಗಲೇಬೇಕು, ಖರ್ಚಿನ ದಾಖಲೆಗಳನ್ನು ಜನರ ಮುಂದೆ ಇಡಬೇಕು. ನಮ್ಮಲ್ಲಿ ಮೊದಲು ಹತ್ತು ಜನ ಚಹಾ ಕುಡಿದು ಸಹಿ ಹಾಕಿ ಬರುತ್ತಿದ್ದೆವು. ಹೋದ ಸಲ ಆ ಹುಡುಗಿಯೇ ಎದ್ದು ನಿಂತು ಚರಂಡಿ ಕೆಲಸದ ಉದ್ದ ಓದಿದಳು. ಟೇಪು ಹಿಡಿದುಕೊಂಡು ಅರವತ್ತು ಜನ ಅವಳ ಹಿಂದೆ ಅಳೆಯಲು ಹೊರಟರು. ನಮ್ಮ ತಮ್ಮನೂ ಇದ್ದ, ಟೇಪಿನ ಇನ್ನೊಂದು ತುದಿ ಅವನ ಕೈಯಲ್ಲಿತ್ತು.

ಪಕ್ಕದ ಊರಿನ ಇಬ್ಬರು ನಾಳೆ ಅರ್ಜಿ ಬರೆಸಲು ಬರುತ್ತಾರೆ. ಅವರಿಗೂ ಹೇಳುತ್ತೇನೆ, ನಿಮಗೂ ಹೇಳುತ್ತೇನೆ. ಪಟ್ಟಿ ಕೇಳುವಾಗ ಫೋಟೊ ಸಮೇತ ಅಂತ ಬರೆಯೋದನ್ನು ಮರೀಬೇಡಿ.